ವಿಮಾನದಿಂದ ಬಿದ್ದ ಬ್ರೆಡ್ ಮತ್ತು ಡಾ. ಡಿಕ್ಕೆ: ಗೋಧಿಯೇ ಕೆಲವರ ಹೊಟ್ಟೆಗೆ ಶತ್ರು ಎಂದು ತಿಳಿದಿದ್ದು ಹೇಗೆ?

ಒಂದು ಕಥೆ ಇಂಟರ್ನೆಟ್‌ನಲ್ಲಿ ಬಹಳ ದಿನಗಳಿಂದ ಸುತ್ತುತ್ತಿದೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ. ನೆದರ್ಲೆಂಡ್ಸ್‌ನಲ್ಲಿ ತಿನ್ನಲು ಬ್ರೆಡ್ ಇಲ್ಲ, ಊರಿಗೆ ಊರೇ ಹಸಿದಿದೆ. ಆದರೆ ಒಂದು ಆಸ್ಪತ್ರೆಯಲ್ಲಿ ಏನು ತಿಂದರೂ ಮೈಗೆ ಹತ್ತದೆ ಸೊರಗಿದ್ದ ಕೆಲವು ಮಕ್ಕಳು ಮಾತ್ರ ಚೇತರಿಸಿಕೊಳ್ಳುತ್ತಾರೆ. ಆಮೇಲೆ ವಿಮಾನಗಳು ಆಕಾಶದಿಂದ ಬ್ರೆಡ್ ಉದುರಿಸುತ್ತವೆ. ಊರೆಲ್ಲ ಹೊಟ್ಟೆ ತುಂಬ ತಿಂದು ಸಂಭ್ರಮಿಸುತ್ತದೆ, ಆ ಮಕ್ಕಳು ಮಾತ್ರ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಒಬ್ಬ ಡಾಕ್ಟರಿಗೆ ತಟ್ಟನೆ ಹೊಳೆಯುತ್ತದೆ, ತಪ್ಪು ಗೋಧಿಯದು ಅಂತ.

ಕೇಳಲು ಸಿನಿಮಾದಂತಿದೆ. ಹಾಗಾಗಿಯೇ ಶೇರ್ ಆಗುತ್ತದೆ. ನಿಜ ಎಷ್ಟು ಅಂತ ನೋಡಲು ನಾವು ಆ ಡಾಕ್ಟರ ಜೀವನವನ್ನು ಮೊದಲಿನಿಂದ ಓದಿದೆವು. ಡಾಕ್ಟರ್ ನಿಜ, ಹಸಿವಿನ ಚಳಿಗಾಲ ನಿಜ, ಮಕ್ಕಳೂ ನಿಜ. ಆದರೆ ಕಥೆಯ ಕ್ರಮ ತಲೆಕೆಳಗಾಗಿದೆ. ಆ ಚಳಿಗಾಲಕ್ಕೆ ಮೂರು ವರ್ಷ ಮೊದಲೇ ಅವರು ಬ್ರೆಡ್ ಇಲ್ಲದ ಪಥ್ಯವನ್ನು ಅಚ್ಚು ಹಾಕಿಸಿದ್ದರು.

ಅವರ ಹೆಸರು ವಿಲ್ಲೆಮ್ ಕಾರೆಲ್ ಡಿಕ್ಕೆ. ಜೀರ್ಣಾಂಗದ ವೈದ್ಯರಿಗೆಲ್ಲ ಪರಿಚಿತ ಹೆಸರು. ಇವತ್ತು ಸೀಲಿಯಾಕ್ ಕಾಯಿಲೆ ಇರುವ ಯಾರಾದರೂ ವಿದೇಶದ ಹೋಟೆಲ್‌ನಲ್ಲಿ ಕೂತು, ಇದರಲ್ಲಿ ಗೋಧಿ ಇದೆಯೇ, ರೈ ಇದೆಯೇ, ಯಾವ ಎಣ್ಣೆಯಲ್ಲಿ ಕರಿದಿರಿ ಎಂದು ವೇಟರ್‌ನನ್ನು ಕೇಳುತ್ತಿದ್ದರೆ, ಆ ಪ್ರಶ್ನೆಗಳ ಹಿಂದೆ ಈ ಡಚ್ ಮಕ್ಕಳ ವೈದ್ಯರ ಕೆಲಸ ಇದೆ.

ಮೊದಲು ಕಾಯಿಲೆ ಏನು ಅಂತ ನೋಡೋಣ

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಚಪಾತಿ ಹಿಟ್ಟು ನಾದಿದಾಗ ಎಳೆದಂತೆ ಬರುತ್ತದಲ್ಲ, ಆ ಜಿಗುಟು ಅದರದ್ದೇ. ಬಹುತೇಕ ಜನರಿಗೆ ಅದರಿಂದ ಏನೂ ತೊಂದರೆ ಇಲ್ಲ. ಸೀಲಿಯಾಕ್ ಇರುವವರಲ್ಲಿ ಮಾತ್ರ, ಗ್ಲುಟೆನ್ ಒಳಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಟವೆಲ್‌ನ ಎಳೆಗಳಂತೆ ನಿಂತಿರುವ ಸಣ್ಣ ಸಣ್ಣ ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಆಹಾರದ ಸತ್ವ ಹೀರಿಕೊಳ್ಳುವುದು ಆ ಬೆರಳುಗಳೇ. ಅವು ಹೋದರೆ ತಿಂದದ್ದು ಹಾಗೇ ಹೊರಗೆ ಹೋಗುತ್ತದೆ.

ಪುಟ್ಟ ಮಕ್ಕಳಲ್ಲಿ ಇದು ಘೋರವಾಗಿ ಕಾಣುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ, ಬಿಳಚಿಕೊಂಡ ಜಿಡ್ಡು ಜಿಡ್ಡಾದ ಭೇದಿ, ನಿಂತುಹೋದ ಬೆಳವಣಿಗೆ, ಸದಾ ಕಿರಿಕಿರಿ. ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಸ್ಪಷ್ಟ ವಿವರಣೆ ಬರೆದರು. ವಾಸಿ ಆಗುವುದಿದ್ದರೆ ಅದು ಆಹಾರದಿಂದಲೇ ಎಂದು ಅವರು ಊಹಿಸಿದ್ದರು. ಹಿಟ್ಟಿನ ಪದಾರ್ಥ ಕಡಿಮೆ ಮಾಡಿ ಎಂದೂ ಹೇಳಿದರು. ಆದರೆ ತೆಳ್ಳಗೆ ಕತ್ತರಿಸಿ ಎರಡೂ ಬದಿ ಚೆನ್ನಾಗಿ ಸುಟ್ಟ ಬ್ರೆಡ್ ಆಗಬಹುದು ಅಂತ ಬಿಟ್ಟುಕೊಟ್ಟರು! ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಅವರ ಒಂದು ಮಗು ದಿನವೂ ಒಳ್ಳೆಯ ಡಚ್ ಮಳವೆ, ಅಂದರೆ ಸಮುದ್ರದ ಚಿಪ್ಪುಜೀವಿ, ತಿಂದು ಸುಧಾರಿಸಿತ್ತು. ಮಳವೆಯ ಸೀಸನ್ ಮುಗಿಯಿತು, ಮಗು ಮತ್ತೆ ಮಲಗಿತು. ಮುಂದಿನ ವರ್ಷ ಅದೇ ಊಟ ಕೊಟ್ಟರೆ ಮಗು ಬಾಯಿಗೆ ಹಾಕಲೂ ಒಪ್ಪಲಿಲ್ಲ.

ಮುಂದೆ 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯರು ಬಾಳೆಹಣ್ಣಿನ ಪಥ್ಯ ತಂದರು. ಬ್ರೆಡ್ ಬೇಡ, ಧಾನ್ಯ ಬೇಡ, ಆಲೂಗಡ್ಡೆಯೂ ಬೇಡ, ಬಾಳೆಹಣ್ಣು ಮುಖ್ಯ ಆಹಾರ. ಮಕ್ಕಳು ನಿಜಕ್ಕೂ ಚೇತರಿಸಿಕೊಂಡರು. ಕೀರ್ತಿ ಪೂರ್ತಿ ಬಾಳೆಹಣ್ಣಿಗೆ ಹೋಯಿತು. ನಮ್ಮ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾವುದೋ ಹಣ್ಣು ತಿಂದು ಯಾವುದೋ ಕಾಯಿಲೆ ವಾಸಿಯಾಯಿತು ಎಂಬ ಫಾರ್ವರ್ಡ್‌ಗಳಲ್ಲಿ ಆಗುವುದೂ ಇದೇ. ತಟ್ಟೆಗೆ ಸೇರಿಸಿದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ತಟ್ಟೆಯಿಂದ ತೆಗೆದದ್ದು ಬೀಳುವುದಿಲ್ಲ. ವಾಸಿಯಾಯಿತು ಅಂತ ಮತ್ತೆ ಬ್ರೆಡ್ ಕೊಟ್ಟರೆ ಕಾಯಿಲೆ ಮರಳುತ್ತಿತ್ತು, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಹೇಗ್ ನಗರದ ಮಕ್ಕಳ ಆಸ್ಪತ್ರೆ

ಡಿಕ್ಕೆ ಹುಟ್ಟಿದ್ದು 1905ರ ಫೆಬ್ರವರಿ 21ರಂದು, ಡೋರ್ಡ್ರೆಕ್ಟ್ ಎಂಬ ಹಳೆಯ ಡಚ್ ಪಟ್ಟಣದಲ್ಲಿ. ಲೈಡೆನ್‌ನಲ್ಲಿ ವೈದ್ಯಕೀಯ ಓದಿದರು. 1929ರಿಂದ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರಾಗಿ ತರಬೇತಿ ಪಡೆದರು. 1936ರಲ್ಲಿ ಅದೇ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಾದರು. ಆಗ ಅವರಿಗೆ 31 ವರ್ಷ.

ನೆದರ್ಲೆಂಡ್ಸ್ ಎಂದರೆ ಬ್ರೆಡ್ಡಿನ ದೇಶ. ಬೆಳಗ್ಗೆ ಬ್ರೆಡ್, ಮಧ್ಯಾಹ್ನ ಬ್ರೆಡ್, ಹಲ್ಲು ಬರುತ್ತಿರುವ ಕೂಸಿಗೆ ಗೋಧಿ ರಸ್ಕ್. ನಮ್ಮಲ್ಲಿ ಒಬ್ಬ ಡಾಕ್ಟರು ಅನ್ನವೇ ಮಗುವಿಗೆ ವಿಷ ಎಂದರೆ ಮನೆಯವರು ಹೇಗೆ ನೋಡಿಯಾರು, ಅಲ್ಲಿ ಬ್ರೆಡ್ಡನ್ನು ಅನುಮಾನಿಸುವುದೂ ಹಾಗೇ. ಆದರೂ ಡಚ್ ಮಕ್ಕಳ ವೈದ್ಯರ ನಡುವೆ ಬ್ರೆಡ್ ಬಗ್ಗೆ ಒಂದಿಷ್ಟು ಗುಸುಗುಸು ಆಗಲೇ ಇತ್ತು. ಒಬ್ಬ ತಾಯಿ ತನ್ನ ಮಗುವಿಗೆ ಬ್ರೆಡ್ ಬಿಡಿಸಿದಾಗ ಚರ್ಮದ ಗುಳ್ಳೆಗಳು ಬೇಗ ಇಳಿಯುತ್ತವೆ ಎಂದು ಡಿಕ್ಕೆ ಅವರಿಗೆ ಹೇಳಿದ್ದಳು ಎಂಬುದನ್ನು ಅವರ ಜೀವನ ಬರೆದವರು ದಾಖಲಿಸಿದ್ದಾರೆ. ಹೆಚ್ಚಿನ ಡಾಕ್ಟರುಗಳು ಇಂಥ ಮಾತನ್ನು ತಲೆಯಾಡಿಸಿ ಬಿಟ್ಟುಬಿಡುತ್ತಿದ್ದರೇನೋ. ಡಿಕ್ಕೆ ಬಿಡಲಿಲ್ಲ. 1930ರ ದಶಕದ ನಡುವಿನಿಂದಲೇ ಗೋಧಿ ಇಲ್ಲದ ಊಟವನ್ನು ಕೆಲವು ಮಕ್ಕಳಿಗೆ ಕೊಟ್ಟು ನೋಡಲು ಶುರು ಮಾಡಿದರು.

ಅವರ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಗೋಧಿ ತೆಗೆಯಿರಿ. ತೂಕ ಬರೆದಿಡಿ. ಎತ್ತರ ಬರೆದಿಡಿ. ಹಸಿವು, ಮಲ, ಮಗುವಿನ ಮುಖ ನೋಡಿ. ಮಗು ಸುಧಾರಿಸಿದ ಮೇಲೆ ಗೋಧಿ ಮತ್ತೆ ಕೊಡಿ. ಏನಾಗುತ್ತದೆ ಅಂತ ನೋಡಿ. ಮತ್ತೆ ತೆಗೆಯಿರಿ. ಹೀಗೆ ತಿಂಗಳುಗಟ್ಟಲೆ, ಕೆಲವು ಮಕ್ಕಳಲ್ಲಿ ವರ್ಷಗಟ್ಟಲೆ. ಚೇತರಿಸಿಕೊಂಡ ಮಗುವಿಗೆ ಬೇಕಂತಲೇ ಮತ್ತೆ ಗೋಧಿ ಕೊಡುವುದು ಇವತ್ತಿನ ಕಣ್ಣಿಗೆ ಕಷ್ಟವಾಗಿ ಕಾಣುತ್ತದೆ. ಈಗಾದರೆ ನೀತಿ ಸಮಿತಿಯ ಒಪ್ಪಿಗೆ, ಹೆತ್ತವರ ಸಹಿ ಎಲ್ಲ ಬೇಕು. ಆದರೆ ಆ ಎರಡನೇ ಹೆಜ್ಜೆ ಇಲ್ಲದೆ ಇದು ಇನ್ನೊಂದು ಬಾಳೆಹಣ್ಣಿನ ಕಥೆ ಆಗಿಬಿಡುತ್ತಿತ್ತು.

ಪರೀಕ್ಷೆಯಲ್ಲಿ ಒಂದು ಮುಖ್ಯ ಸಂಗತಿ ಕಂಡಿತು. ಗೋಧಿ ಮತ್ತೆ ಕೊಟ್ಟರೆ ಮಗು ಮರುದಿನವೇ ಮಲಗುವುದಿಲ್ಲ. ದಿನಗಳು, ಕೆಲವೊಮ್ಮೆ ವಾರಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಹಸಿವು ಸಾಯುತ್ತದೆ, ತೂಕದ ಗೆರೆ ಬಾಗುತ್ತದೆ. ಗೋಧಿಯ ಗುಟ್ಟು ಅಷ್ಟು ವರ್ಷ ಯಾರಿಗೂ ಸಿಗದೇ ಇದ್ದದ್ದಕ್ಕೆ ಇದೂ ಒಂದು ಕಾರಣ. ತಿಂದದ್ದಕ್ಕೂ ಕಾಯಿಲೆಗೂ ನಡುವೆ ಇಷ್ಟು ದಿನ ಕಳೆದರೆ ಸಂಬಂಧ ಹಚ್ಚುವುದು ಹೇಗೆ?

ಯುದ್ಧ ಮಾಡಿದ್ದೇನು, ಮಾಡದ್ದೇನು

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನೆದರ್ಲೆಂಡ್ಸನ್ನು ಆಕ್ರಮಿಸಿತು. ಬಾಳೆಹಣ್ಣಿನ ಹಡಗುಗಳು ಬರುವುದು ನಿಂತಿತು. ಬಾಳೆಹಣ್ಣನ್ನೇ ನಂಬಿದ್ದ ವೈದ್ಯರಿಗೆ ಈಗ ಏನು ಮಾಡಬೇಕು ತಿಳಿಯದು. 1941ರಲ್ಲಿ ಡಿಕ್ಕೆ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಹಣ್ಣು ಸಿಗದ ರೇಷನ್ ಕಾಲದಲ್ಲೂ ಮಾಡಬಹುದಾದ ಸರಳ ಪಥ್ಯ ಅದು. ಬ್ರೆಡ್ ಬೇಡ, ರಸ್ಕ್ ಬೇಡ, ದಿನಕ್ಕೆ ಎರಡು ಸಲ ಬಿಸಿ ಊಟ ಕೊಡಬಹುದು, ಮೂರನೆಯದಕ್ಕೆ ಗೋಧಿ ಹಿಟ್ಟು ಹಾಕದ ಗಂಜಿ. ಅಷ್ಟೇ.

ಹಸಿವಿನ ಚಳಿಗಾಲ ಬಂದದ್ದು ಆಮೇಲೆ, 1944ರ ಕೊನೆಯಲ್ಲಿ. ಡಚ್ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು, ಸೇಡಿಗೆ ಜರ್ಮನ್ನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಣೆ ತಡೆದರು. ಹೇಗ್, ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್ ಎಲ್ಲ ಕಡೆ ಜನ ಟ್ಯುಲಿಪ್ ಹೂವಿನ ಗಡ್ಡೆ, ಸಕ್ಕರೆ ಬೀಟ್ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಬ್ರೆಡ್ ಪೂರ್ತಿ ಮಾಯವಾಗಿರಲಿಲ್ಲ, ರೇಷನ್ನಿನಲ್ಲಿ ಸ್ವಲ್ಪ ಸಿಗುತ್ತಿತ್ತು, ಅದೂ ಕಳಪೆಯದು. ಗೋಧಿ ಕಡಿಮೆಯಾದ ಆ ತಿಂಗಳುಗಳು ಡಿಕ್ಕೆ ಅವರ ಅನುಮಾನಕ್ಕೆ ಇನ್ನಷ್ಟು ಬಲ ಕೊಟ್ಟವು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಬಲ ಕೊಡುವುದು ಬೇರೆ, ಹುಟ್ಟಿಸುವುದು ಬೇರೆ.

ಇನ್ನು ಆಕಾಶದಿಂದ ಬಿದ್ದ ಬ್ರೆಡ್. ಸ್ವೀಡನ್ ದೇಶದಿಂದ ಸಹಾಯ ಬಂದದ್ದು ಹಡಗಿನಲ್ಲಿ, 1945ರ ಜನವರಿಯ ಕೊನೆಗೆ, ಹಿಟ್ಟಿನ ರೂಪದಲ್ಲಿ. ಡಚ್ ಬೇಕರಿಗಳೇ ಅದನ್ನು ಬಿಳಿ ಬ್ರೆಡ್ ಮಾಡಿ ಹಂಚಿದವು. ವಿಮಾನಗಳು ಬಂದದ್ದು ಏಪ್ರಿಲ್ 29ರಿಂದ. ಬ್ರಿಟಿಷ್ ಮತ್ತು ಅಮೆರಿಕನ್ ಬಾಂಬರ್‌ಗಳು ಡಬ್ಬಿ ಆಹಾರ, ಮೊಟ್ಟೆಯ ಪುಡಿ, ಹಿಟ್ಟು ಮುಂತಾದ್ದನ್ನು ಮೂಟೆಗಟ್ಟಲೆ ಉದುರಿಸಿದವು. ಹಸಿದ ಜನರ ನೆನಪಿನಲ್ಲಿ ಎರಡೂ ಬೆರೆತು ಒಂದೇ ಆಗಿಬಿಟ್ಟವು. ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ. ಆದರೆ ಆ ಬೆರೆತ ನೆನಪು ವೈದ್ಯಕೀಯ ಕಥೆಯೊಳಗೂ ನುಗ್ಗಿ, ಹತ್ತು ವರ್ಷದ ತೂಕದ ಪುಸ್ತಕಗಳನ್ನು ಪಕ್ಕಕ್ಕೆ ತಳ್ಳಿತು.

ಮಲ ಅಳೆದ ರಸಾಯನ ವಿಜ್ಞಾನಿ

ಯುದ್ಧ ಮುಗಿದ ಮೇಲೆ ಡಿಕ್ಕೆ ಅವರಿಗೆ ತೂಕ, ಎತ್ತರಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿತ್ತು. ಉಟ್ರೆಕ್ಟ್ ನಗರದಲ್ಲಿ ವಾನ್ ಡೆ ಕಾಮರ್ ಎಂಬ ಜೀವರಸಾಯನ ವಿಜ್ಞಾನಿ ಮಲದಲ್ಲಿರುವ ಕೊಬ್ಬನ್ನು ಬೇಗ, ನಿಖರವಾಗಿ ಅಳೆಯುವ ವಿಧಾನ ಕಂಡುಹಿಡಿದಿದ್ದರು. 1949ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ ಮಕ್ಕಳ ವೈದ್ಯ ವೇಯರ್ಸ್ ಕೂಡ ಜೊತೆಯಾದರು. ಮಗು ಊಟದಲ್ಲಿ ಎಷ್ಟು ಕೊಬ್ಬು ತಿಂದಿತು, ಹೊರಗೆ ಎಷ್ಟು ಹೋಯಿತು ಎಂಬ ಲೆಕ್ಕದಿಂದ ಕರುಳು ಎಷ್ಟು ಹೀರಿತು ಎಂದು ತಿಳಿಯುತ್ತದೆ. ಆರೋಗ್ಯವಂತ ಮಗು ತಿಂದ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಸೀಲಿಯಾಕ್ ಮಗುವಿಗೆ ಗೋಧಿ ಕೊಟ್ಟಾಗ ಆ ಸಂಖ್ಯೆ ಕುಸಿಯುತ್ತದೆ, ಗೋಧಿ ತೆಗೆದಾಗ ಏರುತ್ತದೆ.

ಕೆಲಸ ಅಂದವಾದದ್ದೇನಲ್ಲ. ನರ್ಸ್‌ಗಳು ದಿನಗಟ್ಟಲೆ ಮಲ ಸಂಗ್ರಹಿಸಬೇಕು, ಒಂದು ಸಲ ತಪ್ಪಿದರೂ ಲೆಕ್ಕ ಹಾಳು. ವಿಮಾನದ ಕಥೆ ಶೇರ್ ಆಗುತ್ತದೆ, ಇದು ಆಗುವುದಿಲ್ಲ.

1950ರಲ್ಲಿ ಡಿಕ್ಕೆ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಪ್ರಬಂಧ ಸಲ್ಲಿಸಿದರು. ಗೋಧಿ, ರೈ, ಓಟ್ಸ್ ತೆಗೆದು ಅದರ ಬದಲು ಅಕ್ಕಿ ಹಿಟ್ಟು, ಮೆಕ್ಕೆಜೋಳ, ಆಲೂಗಡ್ಡೆ ಕೊಟ್ಟರೆ ಮಕ್ಕಳು ಬೆಳೆಯುತ್ತಾರೆ ಎಂದು ಅದು ತೋರಿಸಿತು. ಅದರಲ್ಲೊಂದು ಅಚ್ಚರಿಯೂ ಇತ್ತು. ಗೋಧಿಯಿಂದಲೇ ತೆಗೆದ ಶುದ್ಧ ಪಿಷ್ಟ ತೊಂದರೆ ಕೊಡಲಿಲ್ಲ. ಹಾಗಾದರೆ ದೋಷ ಗೋಧಿಯ ಪ್ರೋಟೀನ್ ಭಾಗದಲ್ಲಿರಬೇಕು. ಮುಂದೆ 1953ರಲ್ಲಿ ಮೂವರೂ ಸೇರಿ ಪ್ರಕಟಿಸಿದ ಕೆಲಸದಲ್ಲಿ ಗ್ಲುಟೆನ್‌ನ ಒಳಗಿರುವ ಗ್ಲಯಾಡಿನ್ ಎಂಬ ಅಂಶದ ಕಡೆಗೆ ಬೆರಳು ತೋರಿಸಿದರು. ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ತಂಡ ತಮ್ಮದೇ ರೋಗಿಗಳಲ್ಲಿ ಪರೀಕ್ಷಿಸಿ ಡಚ್ಚರ ಮಾತು ಸರಿ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿತ್ತು. ಡಿಕ್ಕೆ 1941ರಲ್ಲೇ ಬರೆದಿದ್ದರೂ ಜಗತ್ತಿಗೆ ತಲುಪಲು ಇಷ್ಟು ಕಾಲ ಹಿಡಿಯಿತು. ಡಚ್ ಭಾಷೆಯಲ್ಲಿ, ಯುದ್ಧದ ನಡುವೆ ಬರೆದದ್ದನ್ನು ಹೊರಗಿನವರು ಓದುವುದು ಹೇಗೆ? ಸಣ್ಣ ಭಾಷೆಯಲ್ಲಿ ವಿಜ್ಞಾನ ಬರೆಯುವ ನಮಗೆ ಈ ಸಂಗತಿ ಸ್ವಲ್ಪ ಚುಚ್ಚುತ್ತದೆ.

ಎಲ್ಲದರಲ್ಲೂ ಅವರೇ ಸರಿ ಎಂದಲ್ಲ. ಓಟ್ಸ್ ವಿಷಯದಲ್ಲಿ ಅವರ ತೀರ್ಮಾನ ನಂತರ ಸಡಿಲವಾಯಿತು. ಬೇರೆ ಧಾನ್ಯ ಬೆರೆಯದ ಶುದ್ಧ ಓಟ್ಸ್ ಬಹುತೇಕ ಸೀಲಿಯಾಕ್ ರೋಗಿಗಳಿಗೆ ಒಗ್ಗುತ್ತದೆ ಎಂದು ಫಿನ್ಲೆಂಡ್‌ನಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನ ತೋರಿಸಿತು. ಆದರೆ ಅಂಗಡಿಯ ಸಾಮಾನ್ಯ ಓಟ್ಸ್‌ನಲ್ಲಿ ಗೋಧಿ, ಬಾರ್ಲಿ ಸೇರಿಕೊಂಡಿರುವುದು ಮಾಮೂಲು, ಹಾಗಾಗಿ ಎಚ್ಚರ ಬೇಕೇ ಬೇಕು.

ಅದೇ ಹೇಗ್ ನಗರದಲ್ಲಿ ಇವತ್ತು ಊಟಕ್ಕೆ ಕೂತರೆ

ಡಿಕ್ಕೆ ಅವರ ತೂಕದ ಪುಸ್ತಕದಿಂದ ಹೋಟೆಲ್ ಮೇಜಿಗೆ ದೂರ ಹೆಚ್ಚಿಲ್ಲ. ಬೆಂಗಳೂರಿನಿಂದ ಓದಲೋ ಕೆಲಸಕ್ಕೋ ನೆದರ್ಲೆಂಡ್ಸ್‌ಗೆ ಹೋದ ಸೀಲಿಯಾಕ್ ರೋಗಿ ಒಬ್ಬರು ಹೇಗ್‌ನಲ್ಲಿ ಊಟ ಹುಡುಕುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಬ್ರೆಡ್ ಬಿಟ್ಟರಾಯಿತು, ನಾವು ಅನ್ನದವರು ತಾನೇ ಅಂತ ಅವರು ಇಂಡೊನೇಷ್ಯನ್ ಹೋಟೆಲ್‌ಗೆ ಹೋಗುತ್ತಾರೆ. ಆ ನಗರದಲ್ಲಿ ಅವು ಬೇಕಾದಷ್ಟಿವೆ. ಹುರಿದ ಅನ್ನ ತರಿಸುತ್ತಾರೆ. ಅನ್ನವೇನೋ ಸರಿ, ಆದರೆ ಅದಕ್ಕೆ ಬಣ್ಣ, ಸಿಹಿ ಕೊಡುವ ಕೆಚಪ್ ಮಾನಿಸ್ ಎಂಬ ಸೋಯಾ ಸಾಸ್‌ನಲ್ಲಿ ಹಲವು ಸಲ ಗೋಧಿ ಇರುತ್ತದೆ. ಬೀದಿಯ ಫ್ರೈಸ್ ಬರೀ ಆಲೂಗಡ್ಡೆ, ಆದರೆ ಅದೇ ಎಣ್ಣೆಯಲ್ಲಿ ಬ್ರೆಡ್ ಪುಡಿ ಹಚ್ಚಿದ ಕ್ರೋಕೆಟ್ ಕರಿದಿರುತ್ತಾರೆ. ಪೊಫರ್ಚಸ್ ಎಂಬ ಪುಟಾಣಿ ಪಡ್ಡಿನಂಥ ತಿಂಡಿಗೆ ಬಕ್‌ವೀಟ್ ಹಾಕುತ್ತಾರೆ. ಹೆಸರಲ್ಲಿ ಗೋಧಿ ಇದ್ದರೂ ಬಕ್‌ವೀಟ್ ಗೋಧಿಯಲ್ಲ, ತೊಂದರೆಯಿಲ್ಲ. ಆದರೆ ಅದರ ಜೊತೆ ಸಾಮಾನ್ಯವಾಗಿ ಮೈದಾ ಬೆರೆತಿರುತ್ತದೆ. ಆರೋಗ್ಯದ ಅಂಗಡಿಯ ಸ್ಪೆಲ್ಟ್ ಬ್ರೆಡ್ ಕೂಡ ಗೋಧಿಯ ಹಳೆಯ ತಳಿಯೇ. ನಮ್ಮ ಖಪ್ಲಿ ಗೋಧಿಗೂ ಇದೇ ಮಾತು. ಹಳೆಯ ತಳಿ, ಸಾವಯವ, ಕಲ್ಲಿನಲ್ಲಿ ಬೀಸಿದ್ದು ಎಂದರೆ ಗ್ಲುಟೆನ್ ಹೋಗುವುದಿಲ್ಲ.

ಊರಿನ ರುಚಿ ಬೇಕೆಂದು ಅಲ್ಲಿನ ದಕ್ಷಿಣ ಭಾರತದ ಹೋಟೆಲ್‌ಗೆ ಹೋದರೂ ಕೇಳಬೇಕು. ಇಡ್ಲಿ, ದೋಸೆ ಸರಿ. ರವೆ ಇಡ್ಲಿ, ರವೆ ದೋಸೆ, ಉಪ್ಪಿಟ್ಟು ಗೋಧಿಯದು, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಸಾಂಬಾರಿನ ಇಂಗು. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗು ಹೆಚ್ಚಾಗಿ ಮೈದಾ ಬೆರೆಸಿದ್ದು. ಇದು ನಮ್ಮೂರಿನ ಅಡುಗೆಮನೆಗೂ ಅನ್ವಯ, ಡಬ್ಬಿಯ ಹಿಂಬದಿ ಓದಿ.

ಚಿಟಿಕೆ ಇಂಗಿಗೆ ಏನಾಗುತ್ತದೆ ಬಿಡಿ ಎನ್ನುವವರಿಗೆ ಒಂದು ಲೆಕ್ಕ. ಒಂದು ಸ್ಲೈಸ್ ಬ್ರೆಡ್‌ನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ಸ್ಲೈಸನ್ನು 40 ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನಷ್ಟು, ಮೂರು ತಿಂಗಳು ತಿಂದರೆ ಸೀಲಿಯಾಕ್ ರೋಗಿಯ ಕರುಳಿಗೆ ಹಾನಿಯಾಗಬಹುದು ಎಂದು ಇಟಲಿಯ ಸಂಶೋಧಕರು 2007ರಲ್ಲಿ ತೋರಿಸಿದರು. ಒಂದು ಸಲ ತಪ್ಪಿ ಬಾಯಿಗೆ ಹೋದರೆ ಜೀವಕ್ಕೆ ಅಪಾಯ ಎಂದೇನೂ ಅಲ್ಲ, ಕೆಲವರಿಗೆ ಗಂಟೆಗಳಲ್ಲೇ ವಾಂತಿ, ಭೇದಿ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ಕರುಳಿಗೆ ಒಗ್ಗಿತು ಎಂದಲ್ಲ. ಡಿಕ್ಕೆ ಅವರ ವಾರ್ಡಿನ ಮಕ್ಕಳೂ ಮೊದಲ ದಿನಗಳಲ್ಲಿ ಚೆನ್ನಾಗಿಯೇ ಇದ್ದರು.

ಯುರೋಪಿನಲ್ಲಿ ಒಂದು ಅನುಕೂಲವಿದೆ. 2014ರ ಡಿಸೆಂಬರ್‌ನಿಂದ ಅಲ್ಲಿನ ಹೋಟೆಲ್‌ಗಳು ಊಟದಲ್ಲಿ ಗ್ಲುಟೆನ್ ಇರುವ ಧಾನ್ಯ ಇದೆಯೇ ಎಂಬ ಮಾಹಿತಿ ಗಿರಾಕಿಗೆ ಕೊಡಲೇಬೇಕು, ಅದು ಕಾನೂನು. ಹಾಗಾಗಿ ಕೇಳಲು ಸಂಕೋಚ ಬೇಡ. ಆದರೆ ಕಾನೂನು ಪದಾರ್ಥಗಳ ಬಗ್ಗೆ ಹೇಳುತ್ತದೆ, ಅದೇ ಎಣ್ಣೆ, ಅದೇ ಸೌಟು, ಅದೇ ಪಾಸ್ತಾ ನೀರಿನ ಬಗ್ಗೆ ನೀವೇ ಕೇಳಬೇಕು. ಗ್ಲುಟೆನ್ ಮುಕ್ತ ಎಂದು ಬರೆದ ಪ್ಯಾಕೆಟ್‌ನಲ್ಲಿ ಒಂದು ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು, ಭಾರತದ ನಿಯಮವೂ ಇದೇ. ಗೋಧಿ ತೆನೆಗೆ ಅಡ್ಡಗೆರೆ ಎಳೆದ ಚಿಹ್ನೆ ಯುರೋಪಿನ ಪ್ಯಾಕೆಟ್‌ಗಳಲ್ಲಿ ಕಾಣುತ್ತದೆ. ಅಂಥ ಕೆಲವು ಬ್ರೆಡ್, ಪಿಜ್ಜಾಗಳ ಪದಾರ್ಥಪಟ್ಟಿಯಲ್ಲಿ ಗೋಧಿ ಪಿಷ್ಟ ಎಂದು ಓದಿ ಹೊಸಬರು ಗಾಬರಿಯಾಗುತ್ತಾರೆ. ಗ್ಲುಟೆನ್ ತೊಳೆದು ತೆಗೆದ ಆ ಪಿಷ್ಟವನ್ನೇ ಡಿಕ್ಕೆ 1950ರಲ್ಲಿ ಪರೀಕ್ಷಿಸಿದ್ದು. ಗ್ಲುಟೆನ್ ಮುಕ್ತ ಎಂಬ ಮುದ್ರೆ ಇದ್ದರೆ ಸೀಲಿಯಾಕ್ ರೋಗಿಗೆ ಆಗುತ್ತದೆ. ಗೋಧಿ ಅಲರ್ಜಿ ಇರುವವರದು ಬೇರೆ ಕಾಯಿಲೆ, ಅವರು ಮುಟ್ಟಬಾರದು.

ಸಸ್ಯಾಹಾರಿಗಳಿಗೆ ಇನ್ನೊಂದು ತೊಡಕು ವಿಮಾನದಲ್ಲೇ ಶುರುವಾಗುತ್ತದೆ. ಬಹುತೇಕ ವಿಮಾನ ಕಂಪನಿಗಳು ಒಬ್ಬರಿಗೆ ಒಂದೇ ವಿಶೇಷ ಊಟ ಬುಕ್ ಮಾಡಲು ಬಿಡುತ್ತವೆ. ಗ್ಲುಟೆನ್ ಇಲ್ಲದ ಊಟದ ಕೋಡ್ ಜಿಎಫ್ಎಂಎಲ್. ಅದನ್ನು ಆರಿಸಿದರೆ ಮಾಂಸ ಬರಬಹುದು, ಸಸ್ಯಾಹಾರ ಆರಿಸಿದರೆ ಚಪಾತಿ ಬರಬಹುದು. ಹೊರಡುವ ಮೊದಲೇ ಫೋನ್ ಮಾಡಿ ಕೇಳಿ, ಚೀಲದಲ್ಲಿ ಒಗ್ಗರಣೆ ಅವಲಕ್ಕಿ ಇಟ್ಟುಕೊಳ್ಳಿ, ಇಂಗು ಹಾಕದೆ. ಇಳಿಯುವ ದೇಶದ ಭಾಷೆಯಲ್ಲಿ ಗೋಧಿ, ಬಾರ್ಲಿ, ರೈ ತಿನ್ನುವಂತಿಲ್ಲ, ಪಾತ್ರೆ, ಎಣ್ಣೆ ಬೇರೆ ಇರಲಿ ಎಂದು ಬರೆಸಿದ ಒಂದು ಚೀಟಿ ಫೋನಿನಲ್ಲಿದ್ದರೆ ವೇಟರ್ ಅದನ್ನು ನೇರ ಅಡುಗೆಮನೆಗೆ ಒಯ್ಯುತ್ತಾರೆ.

ಇದನ್ನೆಲ್ಲ ಓದಿ ನಾಳೆಯಿಂದ ನಾನೂ ಗೋಧಿ ಬಿಡುತ್ತೇನೆ ಎಂದು ಹೊರಡಬೇಡಿ. ಜಗತ್ತಿನಲ್ಲಿ ಸೀಲಿಯಾಕ್ ಇರುವವರು 100ಕ್ಕೆ ಹೆಚ್ಚುಕಡಿಮೆ ಒಬ್ಬರು. ಭಾರತದಲ್ಲಿ ಗೋಧಿ ಉಣ್ಣುವ ಉತ್ತರದಲ್ಲಿ ಹೆಚ್ಚು, ನಮ್ಮ ದಕ್ಷಿಣದಲ್ಲಿ ಬಹಳ ಕಡಿಮೆ. ಅನುಮಾನವಿದ್ದರೆ ಮೊದಲು ರಕ್ತಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟ್‌ನಲ್ಲಿ ಸಿಗದೇ ಹೋಗಬಹುದು.

ಕೊನೆಯ ವರ್ಷಗಳು

1950ರ ದಶಕದಲ್ಲಿ ಡಿಕ್ಕೆ ಹೇಗ್ ಬಿಟ್ಟು ಉಟ್ರೆಕ್ಟ್‌ನ ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಗೆ ಬಂದರು. ಅಲ್ಲೇ ನಿರ್ದೇಶಕರಾದರು, 1957ರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅದೇ ಹೊತ್ತಿಗೆ ಬೇರೆ ದೇಶಗಳಲ್ಲಿ ವೈದ್ಯರು ಬಾಯಿಯ ಮೂಲಕ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಲು ಕಲಿಯುತ್ತಿದ್ದರು. ಸವೆದ ಬೆರಳುಗಳು ಆಗ ಸೂಕ್ಷ್ಮದರ್ಶಕದಲ್ಲಿ ಕಂಡವು. ಡಿಕ್ಕೆ ಅವರು ಮಕ್ಕಳ ತೂಕ ನೋಡಿ ಹೇಳಿದ್ದು ಕರುಳಿನ ಚೂರಿನಲ್ಲಿ ಕಣ್ಣಿಗೇ ಕಂಡಿತು. ದೇಹ ಯಾವ ಕಿಣ್ವದ ಮೇಲೆ ಆಕ್ರಮಣ ಮಾಡುತ್ತದೆ ಎಂಬುದು ತಿಳಿದದ್ದು ಮಾತ್ರ ಬಹಳ ತಡವಾಗಿ, 1997ರಲ್ಲಿ. ಈಗ ಲ್ಯಾಬ್‌ನಲ್ಲಿ ಮಾಡುವ ಟಿಟಿಜಿ ರಕ್ತಪರೀಕ್ಷೆ ಅದನ್ನೇ ಆಧರಿಸಿದೆ.

ಅಷ್ಟು ದಿನ ಅವರು ಇರಲಿಲ್ಲ. 1962ರ ಏಪ್ರಿಲ್ 27ರಂದು, 57ನೇ ವಯಸ್ಸಿನಲ್ಲಿ ಉಟ್ರೆಕ್ಟ್‌ನಲ್ಲಿ ತೀರಿಕೊಂಡರು. ಡಚ್ ಜೀರ್ಣಾಂಗ ವೈದ್ಯರ ಸಂಘ ಅವರ ಹೆಸರಿನಲ್ಲಿ ಒಂದು ಚಿನ್ನದ ಪದಕ ಸ್ಥಾಪಿಸಿತು. ಮೊದಲ ಡಿಕ್ಕೆ ಪದಕ ಡಿಕ್ಕೆ ಅವರಿಗೇ ಸಂದಿತು.